“ನಿನ್ನಿದ ಹಂಗ ಕಳಸ್ರೀ”: ಆಬ್ಜೆಕ್ಟ್ ಕಾಪಿ ಮಾಡುವಾಗ ಇನ್‌ಹೆರಿಟೆನ್ಸ್ ಕೈಕೊಡುವುದು ಎಲ್ಲಿ?

ಪುಣೆಯಲ್ಲಿ ಹಿಂಜವಡಿ, ವಾಕಡ್ ಕಡೆ ಹೋದರೆ ಕನ್ನಡ ಕಿವಿಗೆ ಬೀಳದೆ ಇರುವುದಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ ಕಡೆಯಿಂದ ಐಟಿ ಕೆಲಸಕ್ಕೆ ಬಂದವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕೊಡುವ ಒಂದು ಖಾನಾವಳಿ ಇದೆ, ಅದರ ಆರ್ಡರ್ ಸಾಫ್ಟ್‌ವೇರ್ ನೀವೇ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಬರುವ ಫೋನ್‌ಗಳಲ್ಲಿ ಜಾಸ್ತಿ ಕೇಳುವ ಮಾತು ಒಂದೇ: “ನಿನ್ನಿದ ಹಂಗ ಕಳಸ್ರೀ.”

ಇದಕ್ಕೊಂದು ‘ರಿಪೀಟ್’ ಬಟನ್ ಬೇಕು. ನಿನ್ನೆಯ ಆರ್ಡರ್ ಆಬ್ಜೆಕ್ಟನ್ನು (ಆರ್ಡರ್‌ನ ಮಾಹಿತಿಯೂ ಅದರ ಕೆಲಸಗಳೂ ಒಟ್ಟಿಗಿರುವ ವಸ್ತು) ಕಾಪಿ ಮಾಡು, ಇವತ್ತಿನ ತಾರೀಕು ಹಾಕು, ಅಡುಗೆಮನೆಗೆ ಕಳಿಸು. ಐದು ನಿಮಿಷದ ಕೆಲಸ ಅನ್ನಿಸುತ್ತದೆ, ಅಲ್ವಾ? ಆರ್ಡರ್ ಒಂದೇ ಬಗೆಯದ್ದಾಗಿದ್ದರೆ ಹೌದು. ಆದರೆ ನಮ್ಮಲ್ಲಿ ಮೂರು ಬಗೆ ಇವೆ, ಒಂದೊಂದಕ್ಕೂ ಒಂದು ಕ್ಲಾಸ್, ಅಂದರೆ ಆಬ್ಜೆಕ್ಟ್ ಹುಟ್ಟಿಸುವ ಅಚ್ಚು. ‘ಆರ್ಡರ್’ ಎಂಬ ಪೇರೆಂಟ್ ಕ್ಲಾಸ್‌ನಲ್ಲಿ ಗಿರಾಕಿ ಮತ್ತು ಐಟಂಗಳ ಪಟ್ಟಿ ಇರುತ್ತದೆ. ಅದನ್ನು ಇನ್‌ಹೆರಿಟ್ ಮಾಡುವ, ಅಂದರೆ ಅದರಲ್ಲಿರುವುದನ್ನೆಲ್ಲ ಪಡೆದುಕೊಳ್ಳುವ ‘ಪಾರ್ಸಲ್ ಆರ್ಡರ್’‌ನಲ್ಲಿ ವಿಳಾಸವೂ ಪ್ಯಾಕಿಂಗ್ ಚಾರ್ಜೂ ಸೇರುತ್ತವೆ. ಪಾರ್ಸಲ್ ಆರ್ಡರ್‌ನ ಚೈಲ್ಡ್ ‘ಡಬ್ಬಿ ಆರ್ಡರ್’. ಇದು ಆಫೀಸಿಗೆ ಸ್ಟೀಲ್ ಡಬ್ಬಿಯಲ್ಲಿ ಹೋಗುವ ಊಟ. ಇದಕ್ಕೆ ಆಫೀಸಿನ ಗೇಟ್ ನಂಬರ್ ಬೇಕು, ವಾಪಸ್ ಬರಬೇಕಾದ ಡಬ್ಬಿಯ ನಂಬರೂ ಬೇಕು.

ರಿಪೀಟ್ ಬಟನ್ ಕೈಯಲ್ಲಿ ಇರುವುದು ‘ಯಾವುದೋ ಒಂದು ಆರ್ಡರ್’ ಅಷ್ಟೇ. ಅದು ಮೇಜಿನ ಊಟವೋ, ಪಾರ್ಸಲ್ಲೋ, ಡಬ್ಬಿಯೋ ಆ ಬಟನ್‌ಗೆ ಗೊತ್ತಿಲ್ಲ. ಗೊತ್ತಿರಲೂ ಬಾರದು. ಹಾಗೆ ಗೊತ್ತಿಲ್ಲದೆ ಕೆಲಸ ಮಾಡಲಿ ಅಂತಲೇ ತಾನೇ ನಾವು ಇನ್‌ಹೆರಿಟೆನ್ಸ್ ಬಳಸಿದ್ದು? ಈಗ ಆ ಗೊತ್ತಿಲ್ಲದ ವಸ್ತುವಿನ ತದ್ರೂಪು ಮಾಡಬೇಕು. ತೊಂದರೆ ಇಲ್ಲಿಂದಲೇ ಶುರು.

ಇಂಟರ್‌ವ್ಯೂಗಳಲ್ಲಿ ‘ಡೀಪ್ ಕಾಪಿಗೂ ಶಾಲೋ ಕಾಪಿಗೂ ಏನು ವ್ಯತ್ಯಾಸ’ ಅಂತ ಕೇಳಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ನನಗೆ ಅದು ಅರ್ಧ ಪ್ರಶ್ನೆ ಅನ್ನಿಸುತ್ತದೆ. ಆ ಅರ್ಧವನ್ನು ಮೊದಲು ಮುಗಿಸಿಬಿಡೋಣ. ಜಾವಾ, ಪೈಥಾನ್‌ನಲ್ಲಿ ‘ಹೊಸದು = ಹಳೆಯದು’ ಎಂದು ಬರೆದರೆ ಕಾಪಿಯೇ ಆಗುವುದಿಲ್ಲ. ಒಂದೇ ಆಬ್ಜೆಕ್ಟ್‌ಗೆ ಎರಡು ಹೆಸರು ಬರುತ್ತದೆ. ಶಾಲೋ ಕಾಪಿ ಮಾಡಿದರೆ ಆರ್ಡರ್ ಎರಡಾಗುತ್ತದೆ, ಆದರೆ ಒಳಗಿನ ಐಟಂ ಪಟ್ಟಿ ಇಬ್ಬರಿಗೂ ಒಂದೇ. ಇವತ್ತು ಗಿರಾಕಿ “ಇನ್ನೆರಡು ರೊಟ್ಟಿ ಹಾಕ್ರಿ” ಅಂದರೆ ನಿನ್ನೆಯ ಬಿಲ್ಲಿಗೂ ಎರಡು ರೊಟ್ಟಿ ಸೇರುತ್ತದೆ. ಡೀಪ್ ಕಾಪಿಯಲ್ಲಿ ಪಟ್ಟಿಯೂ ಬೇರೆಯಾಗುತ್ತದೆ. ಇಷ್ಟು ಸಾಕು, ಇದಕ್ಕೆ ಆಮೇಲೆ ಮತ್ತೆ ಬರೋಣ.

ಸಿ++ನಲ್ಲಿ ಬಾಲ ಕತ್ತರಿಸಿಹೋಗುವುದು

ಸಿ++ನಲ್ಲಿ ಕತೆಯೇ ಬೇರೆ. ಅಲ್ಲಿ ವೇರಿಯಬಲ್ ಅಂದರೆ ಆಬ್ಜೆಕ್ಟೇ. ಹಾಗಾಗಿ ಕೆಳಗಿನ ಸಾಲು ನಿಜವಾಗಿಯೂ ಕಾಪಿ ಮಾಡುತ್ತದೆ. ಓದಲು ಸುಲಭವಾಗಲಿ ಅಂತ ಕೋಡನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ:

ಆರ್ಡರ್ ಹೊಸದು = *ನಿನ್ನೆಯದು;

‘ನಿನ್ನೆಯದು’ ಎಂಬ ಪಾಯಿಂಟರ್ (ಆಬ್ಜೆಕ್ಟ್ ಮೆಮೊರಿಯಲ್ಲಿ ಎಲ್ಲಿದೆ ಎಂದು ತೋರಿಸುವ ವೇರಿಯಬಲ್) ಒಂದು ಪಾರ್ಸಲ್ ಆರ್ಡರ್ ಕಡೆ ತೋರಿಸುತ್ತಿದೆ ಅನ್ನಿ. ಕಂಪೈಲರ್ ಏನೂ ಗೊಣಗುವುದಿಲ್ಲ, ಪ್ರೋಗ್ರಾಂ ಓಡುತ್ತದೆ. ಆದರೆ ‘ಹೊಸದು’ ಎಂಬುದಕ್ಕೆ ಮೆಮೊರಿಯಲ್ಲಿ ಕೊಟ್ಟ ಜಾಗ ಆರ್ಡರ್‌ನ ಅಳತೆಯದ್ದು. ಆ ಅಳತೆ ಕಂಪೈಲ್ ಆಗುವಾಗಲೇ ನಿಗದಿಯಾಗಿದೆ. ವಿಳಾಸಕ್ಕೂ ಪ್ಯಾಕಿಂಗ್ ಚಾರ್ಜ್‌ಗೂ ಅಲ್ಲಿ ಜಾಗವೇ ಇಲ್ಲ. ಆದ್ದರಿಂದ ಗಿರಾಕಿ ಮತ್ತು ಐಟಂ ಪಟ್ಟಿ ಕಾಪಿಯಾಗಿ, ಉಳಿದದ್ದು ಕತ್ತರಿಸಿಹೋಗುತ್ತದೆ. ಇದನ್ನೇ ಸ್ಲೈಸಿಂಗ್ ಅನ್ನುವುದು.

ಕಳೆಯುವುದು ಬರೀ ಡೇಟಾ ಆಗಿದ್ದರೆ ಹೇಗೋ ಹಿಡಿಯಬಹುದಿತ್ತು. ಇಲ್ಲಿ ನಡವಳಿಕೆಯೂ ಕಳೆಯುತ್ತದೆ. ವರ್ಚುವಲ್ ಫಂಕ್ಷನ್ (ಯಾವ ಕ್ಲಾಸ್‌ನದ್ದು ಓಡಬೇಕು ಎಂಬುದು ಆಬ್ಜೆಕ್ಟ್‌ನ ನಿಜವಾದ ಟೈಪ್ ನೋಡಿ ತೀರ್ಮಾನವಾಗುವ ಫಂಕ್ಷನ್) ಇರುವ ಪ್ರತಿ ಆಬ್ಜೆಕ್ಟ್‌ನೊಳಗೆ ‘ನನ್ನ ಕ್ಲಾಸ್‌ನ ಫಂಕ್ಷನ್‌ಗಳ ಟೇಬಲ್ ಇಲ್ಲಿದೆ’ ಎಂದು ಹೇಳುವ ಗುಟ್ಟಿನ ಪಾಯಿಂಟರ್ ಒಂದು ಇರುತ್ತದೆ. ಸಾಮಾನ್ಯವಾಗಿ ಎಲ್ಲ ಕಂಪೈಲರ್‌ಗಳೂ ಹೀಗೇ ಮಾಡುತ್ತವೆ. ಕಾಪಿ ಆಗುವಾಗ ಈ ಪಾಯಿಂಟರ್ ಮಾತ್ರ ಹಳೆಯದರಿಂದ ಬರುವುದಿಲ್ಲ. ಹೊಸ ಆಬ್ಜೆಕ್ಟ್ ಆರ್ಡರ್ ಆಗಿಯೇ ಹುಟ್ಟಿದ್ದರಿಂದ ಅದು ಆರ್ಡರ್‌ನ ಟೇಬಲ್ ಕಡೆಯೇ ತೋರಿಸುತ್ತದೆ. ‘ಒಟ್ಟು()’ ಎಂದು ಕರೆದರೆ ಪ್ಯಾಕಿಂಗ್ ಚಾರ್ಜ್ ಸೇರಿಸದ ಆರ್ಡರ್‌ನ ಒಟ್ಟು ಬರುತ್ತದೆ. ಎರರ್ ಇಲ್ಲ, ಕ್ರಾಶ್ ಇಲ್ಲ. ಬಿಲ್ಲು ಸ್ವಲ್ಪ ಕಮ್ಮಿ, ಅಷ್ಟೇ. ಇಂಥ ಬಗ್ ತಿಂಗಳ ಕೊನೆಗೆ ಲೆಕ್ಕ ಕೂಡದಿದ್ದಾಗ ಸಿಗುತ್ತದೆ.

ಸ್ಲೈಸಿಂಗ್ ಹೀಗೆ ನೇರವಾಗಿ ಎದುರಿಗೆ ಬರುವುದು ಅಪರೂಪ. ಫಂಕ್ಷನ್ ಒಂದು ಆರ್ಡರನ್ನು ರೆಫರೆನ್ಸ್ (ಮೂಲ ಆಬ್ಜೆಕ್ಟ್‌ಗೇ ಇನ್ನೊಂದು ಹೆಸರು) ಆಗಿ ತೆಗೆದುಕೊಳ್ಳದೆ ವ್ಯಾಲ್ಯೂ (ಕಾಪಿ) ಆಗಿ ತೆಗೆದುಕೊಂಡರೆ ಕರೆದ ಕ್ಷಣವೇ ಸ್ಲೈಸ್. ಆರ್ಡರ್‌ಗಳ ವೆಕ್ಟರ್‌ಗೆ (ಸಿ++ನ ಪಟ್ಟಿ) ಪಾರ್ಸಲ್ ಒಂದನ್ನು ತಳ್ಳಿದರೆ ಸ್ಲೈಸ್. ಎಕ್ಸೆಪ್ಷನ್ (ಓಡುವಾಗ ಎಸೆಯುವ ಎರರ್ ಆಬ್ಜೆಕ್ಟ್) ಹಿಡಿಯುವಾಗ ರೆಫರೆನ್ಸ್‌ನ ಗುರುತಾದ ‘&’ ಬಿಟ್ಟುಹೋದರೂ ಅದೇ ಗತಿ. ಇವಕ್ಕಿಂತ ಕೆಟ್ಟದ್ದು ಇನ್ನೊಂದಿದೆ:

ಆರ್ಡರ್& ಅ = ಸೋಮವಾರದ_ಪಾರ್ಸಲ್;
ಅ = ಮಂಗಳವಾರದ_ಪಾರ್ಸಲ್;

ಇಲ್ಲಿ ರೆಫರೆನ್ಸ್ ಇದೆ, ಎರಡೂ ಕಡೆ ಪಾರ್ಸಲ್ಲೇ ಇದೆ. ಸರಿಯಾಗಿಯೇ ಕಾಣುತ್ತದೆ. ಆದರೆ ಅಸೈನ್‌ಮೆಂಟ್ ಆಪರೇಟರ್ ತಾನಾಗಿಯೇ ವರ್ಚುವಲ್ ಆಗುವುದಿಲ್ಲ. ‘ಅ’ ಎಂಬುದರ ಘೋಷಿತ ಟೈಪ್ ಆರ್ಡರ್, ಹಾಗಾಗಿ ಆರ್ಡರ್‌ನ ಅಸೈನ್‌ಮೆಂಟ್ ನಡೆಯುತ್ತದೆ. ಗಿರಾಕಿ ಮತ್ತು ಐಟಂಗಳು ಮಂಗಳವಾರದವು, ವಿಳಾಸ ಸೋಮವಾರದ್ದು. ಹಿಂಜವಡಿ ಐಟಿ ಪಾರ್ಕ್‌ನ ಫೇಸ್ 1ಕ್ಕೆ ಹೋಗಬೇಕಾದ ಎಣ್ಣೆಗಾಯಿ ಫೇಸ್ 3ಕ್ಕೆ ಹೊರಡುತ್ತದೆ. ಹಿಂಜವಡಿ ಟ್ರಾಫಿಕ್ ಕಂಡವರಿಗೆ ಆ ಊಟದ ಗತಿ ಬಿಡಿಸಿ ಹೇಳಬೇಕಿಲ್ಲ. ಕತ್ತರಿಸಿದ ಆಬ್ಜೆಕ್ಟ್ ಆದರೂ ಸಣ್ಣದಾಗಿ ಸುಸಂಬದ್ಧವಾಗಿರುತ್ತದೆ. ಇದು ಅರ್ಧ ಒಬ್ಬರದು, ಅರ್ಧ ಇನ್ನೊಬ್ಬರದು.

ಇದಕ್ಕೇ ಸಿ++ ಕೋರ್ ಗೈಡ್‌ಲೈನ್ಸ್ ಎಂಬ ಸಲಹೆಗಳ ಪಟ್ಟಿಯ ಸಿ.67 ಎಂಬ ನಿಯಮ, ಪಾಲಿಮಾರ್ಫಿಕ್ (ವರ್ಚುವಲ್ ಫಂಕ್ಷನ್ ಇರುವ) ಕ್ಲಾಸ್‌ನಲ್ಲಿ ಕಾಪಿಯನ್ನು ಪಬ್ಲಿಕ್ ಆಗಿ, ಅಂದರೆ ಯಾರು ಬೇಕಾದರೂ ಕರೆಯುವಂತೆ ಬಿಡಬೇಡಿ ಅನ್ನುತ್ತದೆ. ಕಾಪಿ ಕನ್‌ಸ್ಟ್ರಕ್ಟರನ್ನು (ಹಳೆಯ ಆಬ್ಜೆಕ್ಟ್ ನೋಡಿ ಹೊಸದನ್ನು ತುಂಬುವ ಫಂಕ್ಷನ್) ಪ್ರೊಟೆಕ್ಟೆಡ್ ಮಾಡಿ, ಅಂದರೆ ಚೈಲ್ಡ್ ಕ್ಲಾಸ್‌ಗಳಿಗೆ ಮಾತ್ರ ಸಿಗಲಿ, ಅಸೈನ್‌ಮೆಂಟನ್ನು ಡಿಲೀಟ್ ಮಾಡಿ. ಆಗ ಮೇಲಿನ ಸಾಲುಗಳು ಕಂಪೈಲೇ ಆಗುವುದಿಲ್ಲ. ಓಡುವಾಗ ಸಿಗದ ಬಗ್ ಬರೆಯುವಾಗಲೇ ಸಿಕ್ಕಿಬೀಳುತ್ತದೆ.

ನೀನೇ ನಿನ್ನ ಕಾಪಿ ಕೊಡು

ಹಾಗಾದರೆ ರಿಪೀಟ್ ಬಟನ್ ಏನು ಮಾಡಬೇಕು? ಆಬ್ಜೆಕ್ಟ್‌ನ ನಿಜವಾದ ಟೈಪ್ ಗೊತ್ತಿರುವುದು ಆ ಆಬ್ಜೆಕ್ಟ್‌ಗೆ ಮಾತ್ರ. ಹೊರಗೆ ನಿಂತು ಅದನ್ನು ಅಳೆದು ಕಾಪಿ ಮಾಡಲು ಹೋಗಬಾರದು, ಅದನ್ನೇ ಕೇಳಬೇಕು. ಆರ್ಡರ್‌ನಲ್ಲಿ ‘ಕ್ಲೋನ್()’ ಎಂಬ ವರ್ಚುವಲ್ ಫಂಕ್ಷನ್ ಇಡಿ, ಪ್ರತಿ ಕ್ಲಾಸೂ ಅದನ್ನು ಓವರ್‌ರೈಡ್ ಮಾಡಲಿ, ಅಂದರೆ ತನ್ನದೇ ರೀತಿಯಲ್ಲಿ ಮತ್ತೆ ಬರೆಯಲಿ. ಪಾರ್ಸಲ್‌ನಲ್ಲಿ ಒಳಗಿರುವುದು ಒಂದೇ ಸಾಲು (‘*ದಿಸ್’ ಅಂದರೆ ಈ ಆಬ್ಜೆಕ್ಟೇ):

ರಿಟರ್ನ್ ನ್ಯೂ ಪಾರ್ಸಲ್_ಆರ್ಡರ್(*ದಿಸ್);

ಕೆಲಸ ಎರಡು ಪಾಲಾಗಿದೆ, ಗಮನಿಸಿ. ಯಾವ ಟೈಪ್ ಹುಟ್ಟಬೇಕು ಎಂಬುದನ್ನು ಕ್ಲೋನ್ ತೀರ್ಮಾನಿಸುತ್ತದೆ. ಒಳಗೆ ಏನೇನು ತುಂಬಬೇಕು ಎಂಬುದನ್ನು ಕಾಪಿ ಕನ್‌ಸ್ಟ್ರಕ್ಟರ್ ನೋಡಿಕೊಳ್ಳುತ್ತದೆ. ಕಾಪಿ ಕನ್‌ಸ್ಟ್ರಕ್ಟರ್‌ನ ಶಿಸ್ತು ಏನೆಂದರೆ ಪ್ರತಿ ಕ್ಲಾಸ್ ತನ್ನ ಪಾಲಿನ ಫೀಲ್ಡ್‌ಗಳನ್ನು ಮಾತ್ರ ಕಾಪಿ ಮಾಡಬೇಕು, ಮೇಲಿನದ್ದನ್ನು ಪೇರೆಂಟ್‌ನ ಕಾಪಿ ಕನ್‌ಸ್ಟ್ರಕ್ಟರ್‌ಗೆ ಒಪ್ಪಿಸಬೇಕು. ಡಬ್ಬಿ ಆರ್ಡರ್ ಗೇಟ್ ನಂಬರ್ ನೋಡಿಕೊಳ್ಳಲಿ. ಐಟಂ ಪಟ್ಟಿಯ ಉಸಾಬರಿ ಅದಕ್ಕೆ ಬೇಡ.

ಒಂದು ಮೋಸ ಇಲ್ಲೂ ಇದೆ. ನೀವು ಕಾಪಿ ಕನ್‌ಸ್ಟ್ರಕ್ಟರ್ ಬರೆಯದೆ ಬಿಟ್ಟರೆ ಕಂಪೈಲರ್ ತಾನೇ ಒಂದನ್ನು ಬರೆಯುತ್ತದೆ. ಅದು ಪೇರೆಂಟ್‌ನ ಕಾಪಿ ಕನ್‌ಸ್ಟ್ರಕ್ಟರನ್ನು ತಪ್ಪದೆ ಕರೆಯುತ್ತದೆ. ಆದರೆ ಒಂದು ಲಾಗ್ ಸಾಲು ಸೇರಿಸಬೇಕು ಅಂತಲೋ ಮತ್ತೇನೋ ಕಾರಣಕ್ಕೋ ನೀವೇ ಕೈಯಾರೆ ಬರೆದು, ಇನಿಶಿಯಲೈಸರ್ ಪಟ್ಟಿಯಲ್ಲಿ ಪೇರೆಂಟ್ ಹೆಸರು ಹಾಕುವುದನ್ನು ಬಿಟ್ಟರೆ ಪೇರೆಂಟ್‌ನ ಡಿಫಾಲ್ಟ್ ಕನ್‌ಸ್ಟ್ರಕ್ಟರ್ ಓಡುತ್ತದೆ. ಪಾರ್ಸಲ್ ಆರ್ಡರ್ ಕಾಪಿಯಾಗುತ್ತದೆ, ವಿಳಾಸ ಸರಿಯಾಗಿರುತ್ತದೆ, ಐಟಂ ಪಟ್ಟಿ ಖಾಲಿ! ಜಿಸಿಸಿ ಕಂಪೈಲರ್‌ನಲ್ಲಿ ಹೆಚ್ಚುವರಿ ಎಚ್ಚರಿಕೆಗಳನ್ನು ಆನ್ ಮಾಡಿಟ್ಟರೆ ಅದು ಇದನ್ನು ಹೇಳುತ್ತದೆ. ಕೈಯಿಂದ ಬರೆದ ಅಸೈನ್‌ಮೆಂಟ್ ಆಪರೇಟರ್‌ನಲ್ಲೂ ಇದೇ ಅಪಾಯ. ಹಾಗಾಗಿ ನನ್ನ ಸಲಹೆ ಸೋಮಾರಿಯದ್ದು. ಫೀಲ್ಡ್‌ಗಳೆಲ್ಲ ವೆಕ್ಟರ್, ಸ್ಟ್ರಿಂಗ್ ಥರದವಾಗಿದ್ದರೆ ಕಾಪಿ ಕನ್‌ಸ್ಟ್ರಕ್ಟರ್ ಬರೆಯಲೇ ಬೇಡಿ, ಕಂಪೈಲರ್‌ಗೆ ಬಿಡಿ. ವೆಕ್ಟರ್ ತನ್ನೊಳಗಿನದ್ದನ್ನು ತಾನೇ ಪೂರ್ತಿ ಕಾಪಿ ಮಾಡಿಕೊಳ್ಳುತ್ತದೆ.

ಎರಡನೇ ಮೋಸ ಕ್ಲೋನ್‌ನದ್ದು. ಆರು ತಿಂಗಳಾದ ಮೇಲೆ ಟೀಮಿಗೆ ಹೊಸದಾಗಿ ಬಂದವರು ಡಬ್ಬಿ ಆರ್ಡರ್ ಬರೆದರು, ಕ್ಲೋನ್ ಓವರ್‌ರೈಡ್ ಮಾಡುವುದು ಮರೆತರು. ಆಗ ಪಾರ್ಸಲ್‌ನ ಕ್ಲೋನ್ ಓಡುತ್ತದೆ. ಅದು ಪಾರ್ಸಲ್ಲನ್ನೇ ಹುಟ್ಟಿಸುತ್ತದೆ, ಡಬ್ಬಿಯ ಪಾಲು ಮತ್ತೆ ಕತ್ತರಿಸಿಹೋಗುತ್ತದೆ. ಬಾಗಿಲಲ್ಲಿ ತಡೆದ ಸ್ಲೈಸಿಂಗ್ ಹಿತ್ತಿಲಿಂದ ಬಂದಂತಾಯಿತು. ಇದನ್ನು ತಡೆಯಲು ಎರಡು ದಾರಿ ನನಗೆ ಹಿಡಿಸುತ್ತವೆ. ಮೊದಲನೆಯದು, ಪೇರೆಂಟ್‌ನಲ್ಲಿ ಪಬ್ಲಿಕ್ ಕ್ಲೋನನ್ನು ವರ್ಚುವಲ್ ಅಲ್ಲದ ಫಂಕ್ಷನ್ ಮಾಡಿ, ಅದು ಒಳಗಿನ ಪ್ರೈವೇಟ್ ವರ್ಚುವಲ್ ಒಂದನ್ನು ಕರೆದು, ಬಂದ ಕಾಪಿಯ ಟೈಪೂ ತನ್ನ ಟೈಪೂ ಒಂದೇನಾ ಅಂತ ‘ಟೈಪ್‌ಐಡಿ’ಯಿಂದ ಪರೀಕ್ಷಿಸುವುದು. ಮರೆತವರು ಮೊದಲ ಟೆಸ್ಟ್‌ನಲ್ಲೇ ಸಿಕ್ಕಿಬೀಳುತ್ತಾರೆ. ಎರಡನೆಯದು ಇನ್ನೂ ಗಟ್ಟಿ. ಮರದ ತುದಿಯ ಕ್ಲಾಸ್‌ಗಳು ಮಾತ್ರ ನಿಜವಾದ ಆಬ್ಜೆಕ್ಟ್ ಹುಟ್ಟಿಸಲಿ, ಅದರ ಮೇಲಿನವೆಲ್ಲ ಆಬ್‌ಸ್ಟ್ರಾಕ್ಟ್ ಆಗಿರಲಿ. ಸಿ++ ಪುಸ್ತಕಗಳ ಲೇಖಕ ಸ್ಕಾಟ್ ಮೇಯರ್ಸ್ 1990ರ ದಶಕದಲ್ಲೇ ಹೇಳಿದ ಮಾತಿದು. ಆಗ ಕ್ಲೋನ್ ಬರೆಯದಿದ್ದರೆ ಕಂಪೈಲರ್ ಒಪ್ಪುವುದೇ ಇಲ್ಲ.

ನಡುವೆ ಒಂದು ಸಣ್ಣ ಮಾತು. ಸಿ++ನಲ್ಲಿ ಓವರ್‌ರೈಡ್ ಮಾಡಿದ ಕ್ಲೋನ್ ‘ಪಾರ್ಸಲ್ ಪಾಯಿಂಟರ್’ ಎಂಬ ಹೆಚ್ಚು ನಿಖರವಾದ ಟೈಪನ್ನು ವಾಪಸ್ ಕೊಡಬಹುದು. ಬರೀ ಪಾಯಿಂಟರ್ ಬೇಡ, ಮೆಮೊರಿಯನ್ನು ತಾನೇ ಬಿಡುಗಡೆ ಮಾಡುವ ಯುನೀಕ್ ಪಾಯಿಂಟರ್ ಕೊಡೋಣ ಅಂದರೆ ಆ ಸವಲತ್ತು ಹೋಗುತ್ತದೆ. ನಾನಾದರೆ ಸವಲತ್ತು ಬಿಟ್ಟು ಯುನೀಕ್ ಪಾಯಿಂಟರನ್ನೇ ಕೊಡುತ್ತೇನೆ. ಮೆಮೊರಿ ಬಿಡುಗಡೆ ಯಾರ ಜವಾಬ್ದಾರಿ ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಜಾವಾದ ವಿಚಿತ್ರ ಕ್ಲೋನ್

ಜಾವಾದಲ್ಲಿ ವೇರಿಯಬಲ್ ಬರೀ ರೆಫರೆನ್ಸ್ ಆದ್ದರಿಂದ ಸಿ++ ಥರದ ಸ್ಲೈಸಿಂಗ್ ಇಲ್ಲ. ಆದರೆ ‘ನ್ಯೂ ಆರ್ಡರ್(ನಿನ್ನೆಯದು)’ ಎಂದು ಹೊರಗಿನಿಂದ ಬರೆದರೆ ಹುಟ್ಟುವುದು ಆರ್ಡರ್ರೇ. ಪರಿಣಾಮ ಅದೇ. ಕೆಲವರು ‘ಇನ್‌ಸ್ಟೆನ್ಸ್ಆಫ್’ (ಆಬ್ಜೆಕ್ಟ್ ಈ ಕ್ಲಾಸ್‌ನದ್ದಾ ಎಂಬ ಪರೀಕ್ಷೆ) ಹಾಕಿ ಇಫ್-ಎಲ್ಸ್ ಸಾಲು ಕಟ್ಟುತ್ತಾರೆ. ಡಬ್ಬಿ ಆರ್ಡರ್ ಕೂಡ ಒಂದು ಪಾರ್ಸಲ್ ಆರ್ಡರ್ರೇ ಅಲ್ವಾ? ಪಾರ್ಸಲ್‌ನ ಪರೀಕ್ಷೆ ಮೊದಲು ಬಂದರೆ ಡಬ್ಬಿಗಳೆಲ್ಲ ಅಲ್ಲೇ ನುಂಗಿಹೋಗುತ್ತವೆ. ಹೊಸ ಕ್ಲಾಸ್ ಬಂದಾಗಲೆಲ್ಲ ಈ ಸಾಲನ್ನು ತಿದ್ದಬೇಕು. ಯಾರೂ ತಿದ್ದುವುದಿಲ್ಲ.

ಭಾಷೆಯೇ ಕೊಟ್ಟ ‘ಕ್ಲೋನ್()’ ಎಲ್ಲ ಕ್ಲಾಸ್‌ಗಳ ತಲೆಯಲ್ಲಿರುವ ‘ಆಬ್ಜೆಕ್ಟ್’ ಕ್ಲಾಸ್‌ನಲ್ಲಿದೆ. ಅದಕ್ಕೊಂದು ವಿಶೇಷ ಶಕ್ತಿ ಇದೆ. ಯಾವ ಆಬ್ಜೆಕ್ಟ್ ಮೇಲೆ ಕರೆದರೋ ಅದರ ನಿಜವಾದ ಕ್ಲಾಸ್‌ನ ಹೊಸ ಆಬ್ಜೆಕ್ಟ್ ಮಾಡಿ, ಎಲ್ಲ ಫೀಲ್ಡ್‌ಗಳನ್ನೂ ಇದ್ದಹಾಗೆ ಕಾಪಿ ಮಾಡುತ್ತದೆ. ಕನ್‌ಸ್ಟ್ರಕ್ಟರ್ ಓಡುವುದೇ ಇಲ್ಲ. ಹಾಗಾಗಿ ಪ್ರತಿ ಕ್ಲಾಸ್ ‘ಸೂಪರ್.ಕ್ಲೋನ್()’, ಅಂದರೆ ಪೇರೆಂಟ್‌ನ ಕ್ಲೋನ್ ಕರೆದು, ಬಂದದ್ದರಲ್ಲಿ ತನ್ನ ಪಟ್ಟಿಗಳನ್ನಷ್ಟೇ ಬೇರೆ ಮಾಡಿಕೊಳ್ಳಬೇಕು ಎಂಬುದು ಒಪ್ಪಂದ.

ಈ ಒಪ್ಪಂದವನ್ನು ಕಾಯುವವರು ಯಾರೂ ಇಲ್ಲ ಅನ್ನುವುದೇ ಕಷ್ಟ. ಪಾರ್ಸಲ್ ಬರೆದವರು ಸೂಪರ್ ಕರೆಯದೆ ಸುಮ್ನೆ ‘ನ್ಯೂ ಪಾರ್ಸಲ್_ಆರ್ಡರ್’ ಮಾಡಿ ಕೊಟ್ಟರು ಅನ್ನಿ. ಪಾರ್ಸಲ್‌ಗೆ ಸರಿಯಾಗೇ ನಡೆಯುತ್ತದೆ. ಡಬ್ಬಿ ಬರೆದವರು ನಿಯಮ ಪಾಲಿಸಿ ‘ಸೂಪರ್.ಕ್ಲೋನ್()’ ಕರೆಯುತ್ತಾರೆ, ಕೈಗೆ ಬರುವುದು ಪಾರ್ಸಲ್. ಅದನ್ನು ‘ಇದು ಡಬ್ಬಿಯೇ’ ಎಂದು ಕಾಸ್ಟ್ ಮಾಡಿದ ಕೂಡಲೇ ಕ್ಲಾಸ್‌ಕಾಸ್ಟ್ ಎಕ್ಸೆಪ್ಷನ್. ತಪ್ಪು ಮಾಡಿದವರು ಒಬ್ಬರು, ಬೈಸಿಕೊಳ್ಳುವವರು ಇನ್ನೊಬ್ಬರು.

ಇದರ ಜೊತೆಗೆ ‘ಕ್ಲೋನಬಲ್’ ಎಂಬ ಇಂಟರ್‌ಫೇಸ್ ಇದೆ. ಅದರೊಳಗೆ ಒಂದು ಮೆಥಡ್ಡೂ ಇಲ್ಲ, ಕ್ಲೋನ್ ಕೂಡ ಇಲ್ಲ. ಅದನ್ನು ಹಾಕದಿದ್ದರೆ ಆಬ್ಜೆಕ್ಟ್‌ನ ಕ್ಲೋನ್ ಎಕ್ಸೆಪ್ಷನ್ ಎಸೆಯುತ್ತದೆ. ಹಾಕಿದರೂ ಕ್ಲೋನ್ ಪ್ರೊಟೆಕ್ಟೆಡ್ ಆಗಿಯೇ ಉಳಿಯುತ್ತದೆ, ಹೊರಗಿನಿಂದ ಕರೆಯಲು ಬರುವುದಿಲ್ಲ. ಐಟಂ ಪಟ್ಟಿಯನ್ನು ‘ಫೈನಲ್’ (ಒಮ್ಮೆ ಇಟ್ಟ ಮೇಲೆ ಬೇರೆಯದನ್ನು ಇಡಲಾಗದ ಫೀಲ್ಡ್) ಮಾಡಿದ್ದರೆ ಕ್ಲೋನ್ ಒಳಗೆ ಅದಕ್ಕೆ ಹೊಸ ಪಟ್ಟಿ ಕೊಡಲಾಗದು. ಜಾವಾದ ಕಲೆಕ್ಷನ್ಸ್ ಫ್ರೇಮ್‌ವರ್ಕ್ ರೂಪಿಸಿದ ಜೋಶುವಾ ಬ್ಲಾಕ್ ಅವರೇ ಈ ವಿನ್ಯಾಸವನ್ನು ಟೀಕಿಸಿ, ಕಾಪಿ ಕನ್‌ಸ್ಟ್ರಕ್ಟರ್ ಅಥವಾ ಕಾಪಿ ಫ್ಯಾಕ್ಟರಿ (ಕಾಪಿ ಮಾಡಿಕೊಡುವ ಮೆಥಡ್) ಬಳಸಿ ಎಂದಿದ್ದಾರೆ. ಅರೇಗಳ ಕ್ಲೋನ್ ಮಾತ್ರ ಚೆನ್ನಾಗಿದೆ, ಅದನ್ನು ಧೈರ್ಯವಾಗಿ ಬಳಸಬಹುದು.

ನಮ್ಮ ಖಾನಾವಳಿಗೆ ನಾನು ಮಾಡುವುದು ಸಿ++ನ ಪಾಠವನ್ನೇ ಇಲ್ಲಿಗೆ ತರುವುದು. ಆರ್ಡರನ್ನು ಆಬ್‌ಸ್ಟ್ರಾಕ್ಟ್ ಮಾಡಿ, ಅದರಲ್ಲಿ ‘ಕಾಪಿ()’ ಎಂಬ ಆಬ್‌ಸ್ಟ್ರಾಕ್ಟ್ ಮೆಥಡ್ ಇಡುತ್ತೇನೆ. ಪಾರ್ಸಲ್ಲೂ ಆಬ್‌ಸ್ಟ್ರಾಕ್ಟೇ. ಮೇಜಿನ ಆರ್ಡರ್, ಮನೆ ಪಾರ್ಸಲ್, ಡಬ್ಬಿ ಮೂರೂ ತುದಿಯ ಕ್ಲಾಸ್‌ಗಳು. ಪ್ರತಿ ಕ್ಲಾಸ್‌ಗೂ ಪ್ರೊಟೆಕ್ಟೆಡ್ ಕಾಪಿ ಕನ್‌ಸ್ಟ್ರಕ್ಟರ್ ಇರುತ್ತದೆ, ಅದರ ಮೊದಲ ಸಾಲು ‘ಸೂಪರ್(ಹಳೆಯದು)’. ಫೈನಲ್ ಫೀಲ್ಡ್‌ಗೂ ಅಡ್ಡಿಯಿಲ್ಲ, ಕಾಸ್ಟೂ ಬೇಡ. 2004ರ ಜಾವಾ 5ರಿಂದ ಓವರ್‌ರೈಡ್ ಮಾಡಿದ ಮೆಥಡ್ ಚೈಲ್ಡ್‌ನ ಟೈಪನ್ನೇ ವಾಪಸ್ ಕೊಡಬಹುದು.

ಬೇರೆ ಭಾಷೆಗಳಲ್ಲಿ

ಪೈಥಾನ್‌ನ ‘ಕಾಪಿ’ ಮಾಡ್ಯೂಲ್ ಟೈಪನ್ನು ತಾನೇ ಉಳಿಸಿಕೊಳ್ಳುತ್ತದೆ. ಮಾಮೂಲಿ ಕ್ಲಾಸ್‌ಗಳಿಗೆ ಇನಿಟ್ (ಹೊಸ ಆಬ್ಜೆಕ್ಟನ್ನು ಸಿದ್ಧಗೊಳಿಸುವ ಮೆಥಡ್) ಕರೆಯದೆ ಅದೇ ಕ್ಲಾಸ್‌ನ ಆಬ್ಜೆಕ್ಟ್ ಹುಟ್ಟಿಸಿ ಫೀಲ್ಡ್‌ಗಳನ್ನು ತುಂಬುತ್ತದೆ. ನೀವೇ ಕಾಪಿ ಮೆಥಡ್ ಬರೆಯುವಾಗ ‘ಆರ್ಡರ್(...)’ ಅಂತ ಹೆಸರು ಹಿಡಿದು ಕರೆದರೆ ಮತ್ತೆ ಹಳೇ ರೋಗ. ‘ಟೈಪ್(ಸೆಲ್ಫ್)’ ಎಂದು ಕೇಳಬೇಕು. ಸಿ#ನಲ್ಲಿ 2020ರಲ್ಲಿ ಬಂದ ರೆಕಾರ್ಡ್ ಎಂಬ ಬಗೆಯ ಕ್ಲಾಸ್‌ಗಳಲ್ಲಿ ಕಾಪಿ ಮಾಡುವ ‘ವಿತ್’ ಹಿಂದೆ ಕಂಪೈಲರ್ ತಾನೇ ಬರೆದ ವರ್ಚುವಲ್ ಕ್ಲೋನ್ ಇದೆ, ಹಾಗಾಗಿ ಪೇರೆಂಟ್ ಟೈಪ್‌ನ ವೇರಿಯಬಲ್ ಮೂಲಕ ಕಾಪಿ ಮಾಡಿದರೂ ಚೈಲ್ಡ್ ಉಳಿಯುತ್ತದೆ. ಆದರೆ ಅದು ಶಾಲೋ. ಕೋಟ್ಲಿನ್ ಡೇಟಾ ಕ್ಲಾಸ್‌ಗಳು ಇನ್ನೂ ಜಾಣ: ಅವನ್ನು ಇನ್‌ಹೆರಿಟ್ ಮಾಡಲು ಬಿಡುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ಚೆಂದ ಕಾಣುವುದು ಸ್ಮಾಲ್‌ಟಾಕ್ ಮನೆತನದ ಫಾರೋ. ಅಲ್ಲಿ ‘ಕಾಪಿ’ ಎಂದರೆ ಮೊದಲು ಶಾಲೋ ಕಾಪಿ, ಆಮೇಲೆ ಆ ಹೊಸ ಆಬ್ಜೆಕ್ಟ್‌ಗೆ ‘ಪೋಸ್ಟ್‌ಕಾಪಿ’ ಎಂಬ ಸಂದೇಶ. ಚೈಲ್ಡ್ ಕ್ಲಾಸ್ ಕಾಪಿಯನ್ನು ಮುಟ್ಟುವುದೇ ಇಲ್ಲ. ಪೋಸ್ಟ್‌ಕಾಪಿಯಲ್ಲಿ ಪೇರೆಂಟ್‌ನದ್ದನ್ನು ಕರೆದು, ತನ್ನದನ್ನು ಸರಿಪಡಿಸಿಕೊಳ್ಳುತ್ತದೆ, ಅಷ್ಟೇ.

ಎಷ್ಟು ಆಳ?

ಟೈಪ್ ಉಳಿಯಿತು ಅನ್ನೋಣ. ಈಗ ಆ ಹಳೆಯ ಡೀಪ್ ಕಾಪಿ ಪ್ರಶ್ನೆ. ಎಲ್ಲವನ್ನೂ ಆಳವಾಗಿ ಕಾಪಿ ಮಾಡಿದರೆ ಕ್ಷೇಮ ಅಂತ ಬಹಳ ಜನ ನಂಬಿದ್ದಾರೆ. ಆರ್ಡರ್ ಒಳಗೆ ಗಿರಾಕಿ ಇದ್ದಾರೆ, ಗಿರಾಕಿ ಒಳಗೆ ಅವರ ಹಳೇ ಆರ್ಡರ್‌ಗಳ ಪಟ್ಟಿ ಇದೆ, ಆ ಆರ್ಡರ್‌ಗಳಲ್ಲಿ ಮತ್ತೆ ಅದೇ ಗಿರಾಕಿ. ಪೈಥಾನ್‌ನ ಡೀಪ್‌ಕಾಪಿ ಇಂಥ ಸುತ್ತಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಈಗಾಗಲೇ ಕಾಪಿ ಮಾಡಿದ್ದನ್ನು ‘ಮೆಮೊ’ ಎಂಬ ಡಿಕ್ಷನರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆದರೂ ಒಂದು ಊಟ ರಿಪೀಟ್ ಮಾಡಲು ಆ ಗಿರಾಕಿಯ ಇಡೀ ಇತಿಹಾಸ ಕಾಪಿಯಾಯಿತು. ಅದಕ್ಕಿಂತ ದೊಡ್ಡ ಎಡವಟ್ಟು ಉದ್ರಿ ಖಾತೆಯದ್ದು. ಇವತ್ತಿನ ಊಟದ ದುಡ್ಡು ಕಾಪಿಯಾದ ಗಿರಾಕಿಯ ಖಾತೆಗೆ ಬೀಳುತ್ತದೆ, ನಿಜವಾದ ಗಿರಾಕಿಯ ಖಾತೆ ಹಾಗೇ ಇರುತ್ತದೆ. ಊಟ ಪುಕ್ಕಟೆ!

ಆದ್ದರಿಂದ ಪ್ರತಿ ಫೀಲ್ಡ್‌ಗೂ ಒಂದು ಪ್ರಶ್ನೆ ಕೇಳಬೇಕು: ಇದು ಆರ್ಡರ್‌ನ ಸ್ವಂತದ್ದಾ, ಅಥವಾ ಆರ್ಡರ್ ಬರೀ ಅದರ ಕಡೆ ಕೈ ತೋರಿಸುತ್ತಿದೆಯಾ? ಐಟಂ ಪಟ್ಟಿ ಸ್ವಂತದ್ದು, ಕಾಪಿಯಾಗಲಿ. ಗಿರಾಕಿ ಬೇರೆ ವ್ಯಕ್ತಿ, ರೆಫರೆನ್ಸ್ ಸಾಕು. ಪಟ್ಟಿಯೊಳಗಿನ ‘ಜೋಳದ ರೊಟ್ಟಿ’ ಎಂಬ ಮೆನು ಐಟಂ ಎಂದೂ ಬದಲಾಗದ ಆಬ್ಜೆಕ್ಟ್ ಆಗಿದ್ದರೆ ಎಲ್ಲರೂ ಹಂಚಿಕೊಂಡರೂ ತೊಂದರೆಯಿಲ್ಲ. ಈ ಉತ್ತರ ಗೊತ್ತಿರುವುದು ಆ ಫೀಲ್ಡನ್ನು ಇಟ್ಟ ಕ್ಲಾಸ್‌ಗೆ ಮಾತ್ರ. ಪ್ರತಿ ಕ್ಲಾಸ್ ತನ್ನ ಪಾಲನ್ನು ತಾನೇ ಕಾಪಿ ಮಾಡಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಕೆಲವು ಫೀಲ್ಡ್‌ಗಳು ಕಾಪಿಯೂ ಆಗಬಾರದು, ಹಂಚಿಕೆಯೂ ಆಗಬಾರದು. ಆರ್ಡರ್ ನಂಬರ್ ಕಾಪಿಯಾದರೆ ಒಂದೇ ನಂಬರ್‌ನ ಎರಡು ಬಿಲ್ಲು. ‘ದುಡ್ಡು ಬಂದಿದೆ’ ಎಂಬ ಫ್ಲ್ಯಾಗ್ ಕಾಪಿಯಾದರೆ ಇವತ್ತಿನ ದುಡ್ಡು ಕೇಳುವವರೇ ಇಲ್ಲ. ಎಣ್ಣೆಗಾಯಿ ರೇಟ್ ನಿನ್ನೆಯದು ಬರಬೇಕೋ ಇವತ್ತಿನದೋ ಎಂಬುದನ್ನು ಹೇಳಬೇಕಾದವರು ಖಾನಾವಳಿಯ ಮಾಲೀಕರು, ಪ್ರೋಗ್ರಾಮರ್ ಅಲ್ಲ. ಹೀಗಾಗಿ ರಿಪೀಟ್ ಬಟನ್ ನೇರವಾಗಿ ಕಾಪಿಯನ್ನು ಕರೆಯಬಾರದು. ಆರ್ಡರ್‌ನಲ್ಲಿ ‘ಮತ್ತೆ_ಆರ್ಡರ್()’ ಎಂಬ ಬೇರೆ ಮೆಥಡ್ ಇಡಿ. ಅದು ಮೊದಲು ಕಾಪಿ ಮಾಡಲಿ, ಆಮೇಲೆ ಹೊಸ ಆಬ್ಜೆಕ್ಟ್ ಮೇಲೆ ‘ಹೊಸದಾಗು()’ ಎಂಬ ವರ್ಚುವಲ್ ಮೆಥಡ್ ಕರೆಯಲಿ. ಆರ್ಡರ್ ತನ್ನ ‘ಹೊಸದಾಗು’ನಲ್ಲಿ ನಂಬರ್ ಬದಲಿಸುತ್ತದೆ, ದುಡ್ಡಿನ ಫ್ಲ್ಯಾಗ್ ಇಳಿಸುತ್ತದೆ. ಡಬ್ಬಿ ಆರ್ಡರ್ ಮೊದಲು ಪೇರೆಂಟ್‌ನದ್ದನ್ನು ಕರೆದು, ಆಮೇಲೆ ಡಬ್ಬಿ ನಂಬರ್ ಖಾಲಿ ಮಾಡುತ್ತದೆ. ನಿನ್ನೆಯ ಡಬ್ಬಿ ಇನ್ನೂ ಆ ಆಫೀಸಿನಲ್ಲೇ ಇದೆ.